ಎರಡನೆಯ ಸಾಲು

ನಮ್ಮ ಮನೆಯಲ್ಲಿ ರಾಜರ ವಿಚಾರಣೆ ಊಟದ ಹೊತ್ತಿಗೆ ನಡೆಯುತ್ತಿತ್ತು. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ, ಅಪ್ಪ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ. ರೊಟ್ಟಿಯ ಮೇಲೆ ಪುಂಡಿಪಲ್ಯ, ಪಕ್ಕದಲ್ಲಿ ಕೆಂಪು ಖಾರ, ಖಾರದ ಮೇಲೆ ನಾಲ್ಕು ಹನಿ ಎಣ್ಣೆ. ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ನನ್ನ ಕಡೆ ತಿರುಗುತ್ತಿದ್ದ.

“ನೀಲಾ, ನಿನ್ನಿ ಸೊಸಿ ಕಡಿಂದ ಮಾತಾಡಿದಿ. ಇವತ್ತ ರಾಜನ ಕಡಿಂದ ಮಾತಾಡು.”

ಈ ರಾಜ, ಈ ಸೊಸೆ ಇಬ್ಬರೂ ಅಪ್ಪ ಬರೆಯುತ್ತಿದ್ದ ನಾಟಕದವರು. ತಂಗಡಗಿಯಿಂದ ಹೊಳೆದಂಡೆ ಹಿಡಿದು ಎರಡು ತಾಸು ನಡೆದರೆ ನಮ್ಮೂರು. ಅಲ್ಲಿಯ ಶಾಲೆಗೆ ಅಪ್ಪ ಮಾಸ್ತರ. ಕುರಿ ಕಾಯುವ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗ. ಸೋಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ ಸೋದರಮಾವನ ಮನೆಯಲ್ಲಿದ್ದು ಓದುವಾಗ, ಮರಾಠಿಯಲ್ಲಿ ಆಡುತ್ತಿದ್ದ ಗ್ರೀಕರ ಹಳೆಯ ದುರಂತ ನಾಟಕಗಳನ್ನು ನೋಡಿದ್ದನಂತೆ. ಒಬ್ಬ ಅರಸ, ಅವನದೊಂದು ಕಟ್ಟಪ್ಪಣೆ, ಅದನ್ನು ಮುರಿಯುವವರೊಬ್ಬರು, ಆಮೇಲೆ ಎಲ್ಲರ ನಾಶ. ಆ ಗುಂಗು ಅವನನ್ನು ಬಿಡಲಿಲ್ಲ. ನಮ್ಮೂರ ಮಂದಿ ಆಡಲೆಂದು ತನ್ನದೇ ಒಂದನ್ನು ಬರೆಯತೊಡಗಿದ. ವೈರಿಗಳು ಮುತ್ತಿದ ಕೋಟೆ. ಏನೇ ಆದರೂ ಬಾಗಿಲು ತೆರೆಯಕೂಡದೆಂದು ರಾಜನ ಆಜ್ಞೆ. ಹೊರಗೆ ಕಾದಲು ಹೋಗಿದ್ದ ರಾಜಕುಮಾರ ಗಾಯಗೊಂಡ ಸೈನಿಕರನ್ನು ಕಟ್ಟಿಕೊಂಡು ಬಂದು ಬಾಗಿಲು ಬಡಿಯುತ್ತಾನೆ. ರಾಜ ತೆರೆಯಗೊಡುವುದಿಲ್ಲ. ಸೊಸೆ ದಿಡ್ಡಿ ಬಾಗಿಲು ತೆರೆಯುತ್ತಾಳೆ. ಸೈನಿಕರು ಬದುಕುತ್ತಾರೆ, ರಾಜಕುಮಾರ ಹೊಸ್ತಿಲಲ್ಲೇ ಸಾಯುತ್ತಾನೆ, ಆಜ್ಞೆ ಮುರಿದ ಸೊಸೆಗೆ ರಾಜ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ತನ್ನ ತಪ್ಪು ತಿಳಿದು, ಜನರೆದುರು ಕಿರೀಟ ತೆಗೆದಿಟ್ಟು, ಸತ್ತ ಸೊಸೆಯ ಪಾದದ ಮೇಲೆ ಹಣೆಯಿಟ್ಟು ಪ್ರಾಣ ಬಿಡುತ್ತಾನೆ.

“ಬಾಗಲಾ ತೆರದಾಗ ವೈರಿಗೋಳು ನುಗ್ಗಿದ್ರ ಇಡೀ ಊರ ಹೋಗ್ತಿತ್ತು,” ಎನ್ನುತ್ತಿದ್ದೆ ನಾನು. ನನಗಾಗ ಹನ್ನೊಂದು ತುಂಬಿರಲಿಲ್ಲ.

“ಶಾಬಾಸ್! ಅಂದ್ರ ರಾಜಂದೂ ಖರೆ, ಸೊಸೀದೂ ಖರೆ. ಇಬ್ಬರದೂ ಖರೆ ಇದ್ದಾಗನ ಹೆಣಾ ಬೀಳ್ತಾವು. ಒಬ್ಬರದು ಸುಳ್ಳಿದ್ರ ಅದಕ್ಕ ನಾಟಕ ಯಾಕ ಬೇಕು? ಪೊಲೀಸ್ರು ಸಾಕು.”

ಅವ್ವ ಸಿಂದಗಿ ಕಡೆಯವಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಒಮ್ಮೆ ಒಲೆಯ ಮುಂದಿನಿಂದಲೇ ಕೇಳಿದಳು.

“ಆ ಕೋಟ್ಯಾಗ ಇಷ್ಟು ಮಂದೀಗೆ ರೊಟ್ಟಿ ಬಡಿಯಾಕಿ ಯಾರು? ಬಾಗಲಾ ತೆರೀಬೇಕೋ ಬ್ಯಾಡೋ ಅಂತ ಆಕೀನ ಯಾರರ ಕೇಳಿದ್ರೇನು?”

ಅಪ್ಪ ಕೈಗೆ ಸಿಕ್ಕ ತಾಮ್ರದ ತಂಬಿಗೆ ಬೀಸಿ ಒಗೆದ. ಅದು ಅವ್ವನ ಕಿವಿಯ ಪಕ್ಕದಿಂದ ಹಾಯ್ದು ಗೋಡೆಗೆ ಬಡಿದು, ಮಣ್ಣು ಅವಳ ತಲೆಯ ಮೇಲೆ ಉದುರಿತು. ಅವ್ವ ಸೆರಗಿನಿಂದ ಕೂದಲು ಒರೆಸಿಕೊಂಡು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಅಪ್ಪನೇ ಎದ್ದು ಹೋಗಿ ತಂಬಿಗೆ ತಂದ, ತೊಳೆದ, ನೀರು ತುಂಬಿಕೊಂಡು ಮತ್ತೆ ಕೂತ. ಪ್ರಜೆಗಳಿಗೆ ದನಿ ಇಲ್ಲದ ರಾಜ್ಯ ಎಷ್ಟು ದಿನ ಬಾಳೀತೆಂದು ನನಗೆ ವಿವರಿಸತೊಡಗಿದ. ನಾನು ಕಿವಿಗೊಟ್ಟು ಕೇಳಿದೆ. ಆ ದಿನ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ. ಅಪ್ಪಂದಿರು ತಂಬಿಗೆ ಒಗೆಯುತ್ತಾರೆ, ಆಮೇಲೆ ನ್ಯಾಯದ ಮಾತಾಡುತ್ತಾರೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ತಾಲೀಮು ನಮ್ಮ ಪಡಸಾಲೆಯಲ್ಲೇ. ದೇವರ ಜಗಲಿಯ ಮೇಲೆ ಬೀರಪ್ಪನ ಭಂಡಾರದ ಬಟ್ಟಲು, ಅದರ ಕೆಳಗೆ ಪೇಟಿ ಮಾಸ್ತರ ತನ್ನ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದ. ನಾನು ಕಂಬದ ಮರೆಯಲ್ಲಿ ಹಸ್ತಪ್ರತಿ ಹಿಡಿದು, ಮಾತು ಮರೆತವರಿಗೆ ಮೆಲ್ಲಗೆ ಸಾಲು ಹೇಳಿಕೊಡಬೇಕು. ನಾಟಕದಲ್ಲಿ ರಾಜನ ಪಾರ್ಟು ಊರ ಗೌಡನದು. ಪ್ರತಿವರ್ಷ, ಯಾವ ನಾಟಕವಾದರೂ, ರಾಜ ಅವನೇ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವನು ಕೂರುತ್ತಿದ್ದ. ಹಿತ್ತಾಳೆ ತುದಿಯ ಬೆತ್ತ ಮೊಣಕಾಲಿನ ಮೇಲೆ. ಆ ಬೆತ್ತವನ್ನು ಊರವರೆಲ್ಲ ಬಲ್ಲವರು. ಹಿಂದಿನ ವರ್ಷ ಇಬ್ಬರು ಆಳುಗಳನ್ನು ಬೇವಿನ ಮರಕ್ಕೆ ಕಟ್ಟಿಸಿ ಅವನು ಹೊಡೆದಾಗ, ಶಾಲೆಯ ಕಿಟಕಿಯಿಂದ ನಾವು ನೋಡಬಾರದೆಂದು ಅಪ್ಪ ಕಿಟಕಿ ಮುಚ್ಚಿದ್ದ. ಸದ್ದನ್ನು ಮುಚ್ಚಲು ಆಗಿರಲಿಲ್ಲ.

ಮಂತ್ರಿಯ ಪಾರ್ಟು ಸಿಂಪಿಗ ಶಿವಪ್ಪನದು. ಒಂದು ಸಂಜೆ ಗೌಡ ‘ಪ್ರಜಾವತ್ಸಲ’ ಎನ್ನಬೇಕಾದಲ್ಲಿ ನಾಲಿಗೆ ತೊಡರಿ ‘ಪ್ರಜಾವತ್ಸರ’ ಅಂದ. ಶಿವಪ್ಪನಿಗೆ ನಗು ತಡೆಯಲಿಲ್ಲ. ಗೌಡ ಕುರ್ಚಿಯಿಂದ ಏಳಲೂ ಇಲ್ಲ, ಕೂತಲ್ಲಿಂದಲೇ ಬೆತ್ತ ತಿರುಗಿಸಿ ಹಿತ್ತಾಳೆ ತುದಿಯಿಂದ ಅವನ ಬಾಯಿಗೆ ಹೊಡೆದ. ಶಿವಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಬೆರಳ ಸಂದಿಯಿಂದ ರಕ್ತ ಕಂಬಳಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಪ್ಪ ಹಸ್ತಪ್ರತಿ ನೋಡುತ್ತ, “ಮುಂದಿನ ಮಾತು,” ಅಂದ. ನಾನು ಮುಂದಿನ ಮಾತು ಹೇಳಿಕೊಟ್ಟೆ. ಮರುದಿನ ಬೆಳಿಗ್ಗೆ ಕಸ ಹೊಡೆಯುವಾಗ ಅವ್ವನಿಗೆ ಹಲ್ಲು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪನ ಮುಂದೆ ಹಿಡಿದಳು.

“ಇದು ನಿಮ್ಮ ನಾಟಕದಾಗ ಎಲ್ಲಿ ಬರ್ತೈತ್ರಿ?”

ಅಪ್ಪ ಈ ಸಲ ಏನನ್ನೂ ಒಗೆಯಲಿಲ್ಲ. ಕೊನೆಯ ಅಂಕ ಮುಗಿಯಲಿ, ಆಗ ಗೌಡನಿಗೇ ತಿಳಿಯುತ್ತದೆ ಅಂದ. ಅವನ ಲೆಕ್ಕಾಚಾರ ಅದೇ ಆಗಿತ್ತು. ಕೊನೆಯ ಅಂಕವನ್ನು ಅವನು ಯಾರಿಗೂ ಓದಿಸಿರಲಿಲ್ಲ. ಊರೆಲ್ಲ ನೋಡುತ್ತಿರುವಾಗ ಗೌಡ ಮೊಣಕಾಲೂರಿ ತಪ್ಪಾಯಿತು ಅನ್ನಬೇಕು. ನಾಟಕದ ಮಾತಾದರೂ ಬಾಯಿಂದ ಬಂದ ಮೇಲೆ ಮನಸ್ಸಿಗೆ ಸ್ವಲ್ಪವಾದರೂ ತಟ್ಟುತ್ತದೆ ಎಂದು ಅಪ್ಪ ನಂಬಿದ್ದ. ನಂಬಿದ್ದ ಎಂಬುದನ್ನು ನಾನು ಅವನ ಪರವಾಗಿ ಇಲ್ಲಿ ಬರೆದಿಡಬೇಕು.

ಕೊನೆಯ ಅಂಕ ಓದಿಸಿದ ಮರುದಿನ ಬೆಳಿಗ್ಗೆ ಗೌಡ ಒಬ್ಬನೇ ನಮ್ಮ ಮನೆಗೆ ಬಂದ. ಅವ್ವ ಚಹಾ ಕೊಟ್ಟಳು. ಪೂರಾ ಕುಡಿದು ಕಪ್ಪು ಬಶಿಯನ್ನು ಕಟ್ಟೆಯ ಮೇಲಿಟ್ಟ.

“ಮಾಸ್ತರ, ರಾಜ ಸಾಯ್ತಾನ, ಸಾಯ್ಲಿ. ಬೇಕಾದ್ರ ಎರಡ ಸಲ ಸಾಯ್ತೇನಿ. ಕಾಲಿಗೆ ಬೀಳೂದು ತಗೀರಿ.”

“ನಾಟಕದ ಜೀವಾನ ಅದೈತ್ರಿ ಗೌಡ್ರ. ರಾಜ ಬಗ್ಗಲಿಲ್ಲ ಅಂದ್ರ ಸತ್ತಾಕಿ ಸುಮ್ಮನ ಸತ್ತಂಗಾಗ್ತೈತಿ.”

“ಸೊಸಿ ಪಾರ್ಟಿಗೆ ಬರೂ ಬಾಡಗಿ ಹೆಂಗಸಿನ ಕಾಲಿಗೆ ನಾ ಬೀಳಬೇಕು? ನಮ್ಮ ಆಳಮಕ್ಕಳ ಮುಂದ?”

“ಆಕಿ ಕಾಲಿಗಲ್ರಿ. ನ್ಯಾಯದ ಕಾಲಿಗೆ.”

ಗೌಡ ಅಪ್ಪನ ಬಲಗೈ ಹಿಡಿದುಕೊಂಡ. ಕೈಕುಲುಕುತ್ತಾನೆ ಅಂದುಕೊಂಡೆ. ಆ ಕೈಯನ್ನು ಕಟ್ಟೆಯ ಕಲ್ಲಿನ ಮೇಲೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಬೆತ್ತದ ಹಿಡಿಕೆಯಲ್ಲಿ ಬೆರಳುಗಳ ಮೇಲೆ ಹೊಡೆದ. ನಾಲ್ಕು ಸಲ. ಹಸಿ ಕಡ್ಡಿ ಮುರಿದಂಥ ಸದ್ದು. ಅಪ್ಪ ಕೂಗಿದ್ದು ನೆನಪಿಲ್ಲ, ಬಾಯಿ ತೆರೆದದ್ದು ಮಾತ್ರ ನೆನಪಿದೆ. ಚಹಾದ ಬಶಿ ಉರುಳಿ ಒಡೆದಿತ್ತು. ಹೊರಡುವಾಗ ಗೌಡ ಅದರ ಚೂರುಗಳನ್ನು ಚಪ್ಪಲಿಯಿಂದ ಪಕ್ಕಕ್ಕೆ ಸರಿಸಿ, “ಯಾರಿಗರ ಚುಚ್ಚೀತು,” ಅಂದ.

ಬೆರಳಿಗೆ ಬಿದಿರಿನ ಚಕ್ಕೆ ಕಟ್ಟಿಸಿಕೊಂಡು ಬಂದ ಮೂರನೆಯ ದಿನ ಅಪ್ಪ ನನ್ನನ್ನು ಕರೆದು ಕೂಡಿಸಿ ಹೊಸ ಅಂತ್ಯವನ್ನು ಹೇಳಿ ಬರೆಸಿದ. ಸೊಸೆ ಕ್ಷಮೆ ಬೇಡಿ ಅಳುತ್ತ ಸಾಯುತ್ತಾಳೆ. ವೈರಿಗಳು ಓಡುತ್ತಾರೆ. ಜನ ರಾಜನಿಗೆ ಜಯಕಾರ ಹಾಕುತ್ತಾರೆ. ನನ್ನ ಗುಂಡಗಿನ ಅಕ್ಷರದಲ್ಲಿ ಒಂಬತ್ತು ಹಾಳೆ. ಅವ್ವ ಕುರಿಹಟ್ಟಿಯಿಂದ ಬಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

“ನಿಮ್ಮ ಕೈ ಮುರದದ್ದಕ್ಕ ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಕೂಸಿನ ಕೈಲೆ ಇದನ್ನ ಬರಸಿದ್ರಲ್ಲ, ಅದಕ್ಕ ಸಿಟ್ಟೈತಿ.”

“ಮತ್ತೇನ್ ಮಾಡ್ಲಿ? ಇನ್ನೊಂದ ಕೈ ಕೊಡ್ಲೇನು?”

“ನಾಟಕಾ ನಿಲ್ಲಸ್ರಿ.”

“ನಿಲ್ಲಸಾಕ ನಾ ಯಾರು?” ಅಂದ ಅಪ್ಪ. ಅದು ಅವನ ಬಾಯಿಂದ ನಾನು ಕೇಳಿದ ಅತಿ ಕೆಟ್ಟ ಮಾತು. ನಾನು ಹಳೆಯ ಹಾಳೆಗಳನ್ನು ಒಲೆಗೆ ಹಾಕಲು ಬಿಡದೆ, ಹೊಸ ಹಾಳೆಗಳ ಹಿಂದೆ ಇಟ್ಟು ಹೊಲಿದೆ.

ಆಟಕ್ಕೆ ನಾಲ್ಕು ದಿನವಿರುವಾಗ ಚಂದ್ರಾಬಾಯಿ ಬಂದಳು. ಹೆಣ್ಣಿನ ಪಾರ್ಟಿಗೆ ನಮ್ಮ ಕಡೆ ಬಾಗಲಕೋಟೆಯ ಆಚೆಯಿಂದ ನಟಿಯರನ್ನು ಕರೆಸುತ್ತಿದ್ದರು. ಅವರನ್ನು ಮನೆಯೊಳಗೆ ಇಳಿಸಿಕೊಳ್ಳಲು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ, ಆದ್ದರಿಂದ ನಮ್ಮ ಮನೆ. ನಲವತ್ತು ದಾಟಿದ ದೊಡ್ಡ ಮೈಕಟ್ಟಿನ ಹೆಂಗಸು, ಕತ್ತಿನಲ್ಲಿ ಕರಿದಾರ, ಗಂಟಲು ಮಾತ್ರ ಗಂಟೆ. ಅವ್ವನ ಜೊತೆ ಒಲೆ ಮುಂದೆ ಕೂತು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿಕೊಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಸಾಲು ಓದಬೇಕು, ಅವಳು ಕಣ್ಣು ಮುಚ್ಚಿ ಕೇಳಿ ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಹೊಸ ಅಂತ್ಯ ಓದಿದಾಗ ಕಣ್ಣು ತೆರೆದಳು.

“ತಂಗಿ, ಮೊದಲ ಅಷ್ಟು ಜೋರಿದ್ದಾಕಿ ಕಡೀಕ ಹಿಂಗ್ಯಾಕ ಅಳ್ತಾಳ?”

ನಾನು ಹೊಲಿಗೆಯ ಹಿಂದಿನ ಹಾಳೆಗಳನ್ನು ಓದಿ ತೋರಿಸಿದೆ.

“ಇಪ್ಪತ್ತ ವರ್ಸ ಆತು ನಾ ಸ್ಟೇಜಿನ ಮ್ಯಾಲೆ ಸತ್ತು ಸತ್ತು. ಒಬ್ಬ ರಾಜನೂ ಬಗ್ಗಿ ನೋಡಿಲ್ಲ,” ಅಂದಳು. “ಇನ್ನೊಮ್ಮೆ ಓದು.”

ಮೂರು ಸಲ ಓದಿಸಿಕೊಂಡಳು. ಆಮೇಲೆ, “ಇರಲಿ, ಹೊಸಾದ್ನ ಹೇಳಿಕೊಡು. ಹೊಟ್ಟೀಪಾಡು,” ಎಂದು ಎದ್ದು ಹೋದಳು.

ಆದಿತ್ಯವಾರ ಮಧ್ಯಾಹ್ನ ವೇಷ ಹಾಕಿಕೊಂಡು ಪೂರಾ ತಾಲೀಮು. ಮುದ್ದೇಬಿಹಾಳದಿಂದ ತಂದ ಮಖಮಲ್ಲಿನ ನಿಲುವಂಗಿ, ರಟ್ಟಿನ ಕಿರೀಟ, ಕೈಯಲ್ಲಿ ರಾಜದಂಡದ ಬದಲು ತನ್ನ ಬೆತ್ತವನ್ನೇ ಹಿಡಿದು ಗೌಡ ನಿಂತಿದ್ದ. ಶಿವಪ್ಪ ಮಂತ್ರಿ, ಅವನ ತುಟಿ ಇನ್ನೂ ಊದಿಕೊಂಡಿತ್ತು. ಏಳೆಂಟು ಮಂದಿ ಸೈನಿಕರು. ಅಪ್ಪ ಗೋಡೆಗೆ ಒರಗಿ ಕಟ್ಟಿದ ಕೈಯನ್ನು ಎದೆಗವುಚಿಕೊಂಡು ಕೂತಿದ್ದ. ಒಳಗೆ ಅವ್ವ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಮರಣದಂಡನೆಯ ದೃಶ್ಯ ಬಂತು. ಚಂದ್ರಾಬಾಯಿ ಕೈಕಟ್ಟಿಸಿಕೊಂಡು ರಾಜನ ಮುಂದೆ ನಿಂತಳು. ಹೊಸ ಪ್ರತಿಯ ಪ್ರಕಾರ ‘ಮಾವನವರೇ, ಅರಿಯದೆ ಮಾಡಿದ ತಪ್ಪು’ ಎಂದು ಶುರುಮಾಡಬೇಕು. ಅವಳಿಗೆ ಮರೆತಿತ್ತೋ, ಮರೆತಂತೆ ಮಾಡಿದಳೋ, ಕಂಬದ ಕಡೆ ತಿರುಗಿ ನನ್ನನ್ನು ನೋಡಿದಳು.

ನಾನು ಹಾಳೆ ತಿರುವಿದೆ. ಅಪ್ಪನ ಅಕ್ಷರದಲ್ಲಿದ್ದ ಸಾಲನ್ನು ಹೇಳಿಕೊಟ್ಟೆ.

ಚಂದ್ರಾಬಾಯಿಯ ಹುಬ್ಬು ಒಂದಿಷ್ಟು ಏರಿತು. ಆಮೇಲೆ ಗಂಟಲು ತೆರೆದಳು.

“ಮಹಾರಾಜ, ಈ ಕೋಟೆಯನ್ನು ಜನರ ಸಲುವಾಗಿ ಕಟ್ಟಿಸಿದಿರೋ, ಕೋಟೆಯ ಸಲುವಾಗಿ ಜನರನ್ನು ಸಾಕಿದಿರೋ?”

ಪೇಟಿ ನಿಂತಿತು. ಗೌಡನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬೆತ್ತ ಅವಳ ಭುಜಕ್ಕೆ ಬಿತ್ತು. ನಾಟಕದ ಹೊಡೆತವಲ್ಲ; ಕುಪ್ಪಸ ಹರಿದು ಬಿಳಿಯ ಗೀರೆದ್ದು ನೋಡುತ್ತಿದ್ದಂತೆ ಕೆಂಪಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಅದೇ ಜಾಗಕ್ಕೆ ಬಂದು ನಿಂತು, ಪುನಃ ನನ್ನ ಕಡೆ ನೋಡಿದಳು. ನಾನು ಎರಡನೆಯ ಸಾಲು ಹೇಳಿಕೊಟ್ಟೆ.

“ನಿಮ್ಮ ಆಜ್ಞೆ ನ್ಯಾಯದ್ದಾಗಿದ್ದರೆ ಅದನ್ನು ಹೇಳಲು ಖಡ್ಗವೇಕೆ ಬೇಕು?”

ಈ ಸಲ ಬೆತ್ತದ ಹಿತ್ತಾಳೆ ತುದಿ ಅವಳ ಎಡಗಣ್ಣಿಗೆ ತಾಗಿತು. ಕಟ್ಟಿದ ಕೈಗಳನ್ನು ಮುಖದ ಮೇಲೆ ಒತ್ತಿಕೊಂಡು ಮೊಣಕಾಲ ಮೇಲೆ ಕುಸಿದಳು. ಮೊಣಕೈವರೆಗೆ ರಕ್ತ ಇಳಿಯಿತು. ಅಪ್ಪ, “ಗೌಡ್ರ, ಗೌಡ್ರ,” ಎನ್ನುತ್ತ ಏಳಲು ನೋಡಿ ನೋಯುವ ಕೈ ಊರಿ ಮತ್ತೆ ಬಿದ್ದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಚಂದ್ರಾಬಾಯಿ ಉಳಿದ ಒಂದು ಕಣ್ಣನ್ನು ತೆರೆದು ಮೂರನೆಯ ಸಲ ನನ್ನನ್ನು ನೋಡಿದಳು. ಸಾಲು ನನ್ನ ನಾಲಿಗೆಯ ಮೇಲಿತ್ತು. ಹೇಳಿಕೊಟ್ಟೆ.

“ಬಾಗಿಲು ತೆರೆದವಳು ನಾನು, ಮಹಾರಾಜ. ಹೊರಗೆ ಉಳಿದವರು ನೀವು.”

ಗೌಡ ಬೆತ್ತವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ಅವ್ವ ಒಳಗಿನಿಂದ ಉರಿಯುವ ಜಾಲಿ ಕೊಳ್ಳಿ ಹಿಡಿದು ಬಂದವಳು ಅದನ್ನು ಅವನ ಮುಂಗೈಗೆ ಬಡಿದಳು. ಬೆತ್ತ ಬಿತ್ತು. ಮಖಮಲ್ಲಿನ ತೋಳಿಗೆ ಕಿಡಿ ಹತ್ತಿ ಸರ್ರನೆ ಭುಜದವರೆಗೆ ಉರಿ ಏರಿತು. ಅವನು ಚೀರಿದ, ನಮ್ಮೂರಲ್ಲಿ ಆ ದನಿ ಚೀರಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗಿಂತ ಮೊದಲು ಅಲ್ಲಾಡಿದವನು ಅಪ್ಪ. ಕಂಬಳಿ ಎಳೆದು ಗೌಡನ ಮೇಲೆ ಹಾಕಿ, ಮುರಿದ ಕೈಯಿಂದಲೇ ತಟ್ಟಿ ತಟ್ಟಿ ಬೆಂಕಿ ಆರಿಸಿದ. ಸುಟ್ಟ ಉಣ್ಣೆಯ, ಸುಟ್ಟ ಚರ್ಮದ ವಾಸನೆ ಪಡಸಾಲೆಯ ತುಂಬ ಹರಡಿತು. ಕಂಬಳಿಯಿಂದ ತಲೆ ಹೊರಗೆ ಹಾಕಿದ ಗೌಡ ಅವ್ವನ ಕಡೆ ಬೆರಳು ಮಾಡಿದ.

“ಹಿಡೀರಿ ಆಕೀನ! ಏನ್ ನೋಡಾಕತ್ತೀರಿ? ಹಿಡೀರಲೇ!”

ಅವ್ವನ ಹತ್ತಿರ ನಿಂತಿದ್ದವನು ಶಿವಪ್ಪ. ಅವನು ಅವ್ವನನ್ನು ನೋಡಿದ, ಗೌಡನನ್ನು ನೋಡಿದ, ಆಮೇಲೆ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನ ಹಿಂದಿನ ಸೈನಿಕ ಕೂತ. ಅವನ ಪಕ್ಕದವನು ಕೂತ. ಯಾರೂ ಕೈಯೆತ್ತಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದೆ. ಅಧಿಕಾರವೆಂದರೇನು, ಅದು ಎಲ್ಲಿರುತ್ತದೆ ಎಂಬ ಪಾಠ ಬಂದಾಗಲೆಲ್ಲ ಆ ಕೂತ ಮಂದಿಯ ನಡುವೆ ಒಬ್ಬನೇ ನಿಂತು, ಸುಟ್ಟ ತೋಳು ಹಿಡಿದುಕೊಂಡು ಸುತ್ತ ನೋಡುತ್ತಿದ್ದ ಗೌಡ ಕಣ್ಣ ಮುಂದೆ ಬರುತ್ತಿದ್ದ. ವಿದ್ಯಾರ್ಥಿಗಳಿಗೆ ಹೇಳಿದ್ದು ಮಾತ್ರ ಪುಸ್ತಕದಲ್ಲಿದ್ದದ್ದನ್ನು.

“ಹೊತ್ತ ಮುಳುಗೂದ್ರಾಗ ಈ ಮನಿ ಖಾಲಿ ಆಗಬೇಕು,” ಎಂದು ಗೌಡ ಹೊರಟು ಹೋದ.

ಖಾಲಿ ಮಾಡಿದೆವು. ಅವನ ಕಡೆಯವರು ಇಬ್ಬರು ಅಲ್ಲಿಯವರೆಗೂ ಕಾಯಲಿಲ್ಲ. ನಾವು ಗಾಡಿಗೆ ಪಾತ್ರೆ ಏರಿಸುತ್ತಿರುವಾಗಲೇ ಹಟ್ಟಿಗೆ ಹೊಕ್ಕು ಕೊಡಲಿಯಿಂದ ಕುರಿಗಳನ್ನು ಕಡಿದರು. ಒಂದು ಟಗರು ಅರ್ಧ ಕತ್ತರಿಸಿದ ಕುತ್ತಿಗೆಯಲ್ಲೇ ಅಂಗಳದವರೆಗೆ ಓಡಿಬಂದು ಗಾಡಿಯ ಗಾಲಿಗೆ ಢೀ ಕೊಟ್ಟು ಬಿತ್ತು. ಅವ್ವ ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಚಂದ್ರಾಬಾಯಿ ಅದೇ ಗಾಡಿಯಲ್ಲಿ, ಅರಿಸಿನ ತುಂಬಿ ಕಟ್ಟಿದ ಕಣ್ಣಿನ ಮೇಲೆ ಸೆರಗು ಹಿಡಿದು ಕೂತಿದ್ದಳು. ಮುದ್ದೇಬಿಹಾಳದ ದಾರಿಯಲ್ಲಿ ನನಗೆ ಅಳು ಬಂತು.

“ನಾ ಹೇಳಿಕೊಟ್ಟೆ ಅಂತ ಅಂವ ನಿಮಗ ಹೊಡದ.”

“ಹೇಳಿಕೊಟ್ಟಾಕಿ ನೀನು, ಖರೆ,” ಅಂದಳು. “ಅಂದಾಕಿ ನಾನು. ಅದನ್ನ ನನ್ನ ಕಡಿಂದ ಕಸಗೊಬ್ಯಾಡ ತಂಗಿ. ಕಣ್ಣು ಕೊಟ್ಟೇನಿ ಅದಕ್ಕ.”

ಅವಳ ಆ ಕಣ್ಣು ಮತ್ತೆ ಕಾಣಲಿಲ್ಲವೆಂದು ವರ್ಷದ ಮೇಲೆ ಪೇಟಿ ಮಾಸ್ತರ ಹೇಳಿದ. ನಾಟಕ ಆಗಲೇ ಇಲ್ಲ. ಗೌಡ ಪೊಲೀಸರ ಕಡೆ ಹೋಗಲಿಲ್ಲ. ಹೋದರೆ ಹೆಣ್ಣೊಬ್ಬಳು ತನ್ನನ್ನು ಸುಟ್ಟಳೆಂದು ತಾನೇ ಹೇಳಬೇಕಾಗುತ್ತಿತ್ತು. ಆ ಮನೆ ಇದ್ದ ಜಾಗ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ.

ಅಪ್ಪ ಬಸವನ ಬಾಗೇವಾಡಿಯ ಹತ್ತಿರದ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡ. ಬೆರಳುಗಳು ಸೊಟ್ಟಗೇ ಕೂಡಿಕೊಂಡವು. ಮತ್ತೆಂದೂ ಅವನು ನಾಟಕ ಬರೆಯಲಿಲ್ಲ, ತಂಬಿಗೆಯನ್ನೂ ಒಗೆಯಲಿಲ್ಲ. ಊಟದ ಹೊತ್ತಿಗೆ ರಾಜರ ಮಾತು ನಿಂತುಹೋಯಿತು. ಒಂದು ದಿನ ಮಾತ್ರ, ನುಚ್ಚು ಮಜ್ಜಿಗೆ ಕಲಸುತ್ತ, ತಲೆ ಎತ್ತದೆ ಕೇಳಿದ.

“ಮೊದಲನೇ ಸಾಲು ಸಿಟ್ಟಿಲೆ ಹೇಳಿಕೊಟ್ಟಿ, ತಿಳೀತು. ಎರಡನೇದ್ಯಾಕ? ಆಕಿಗೆ ಬಿದ್ದ ಏಟು ನೋಡಿದ್ಯಲ್ಲ.”

“ಆಕಿ ನನ್ನ ಮಾರೀನ ನೋಡಾಕತ್ತಿದ್ಲಪ್ಪಾ. ನಾ ಸುಮ್ಮನಿದ್ರ ಆಕಿ ಒಬ್ಬಾಕೀನ ಆಗಿಬಿಡ್ತಿದ್ಲು.”

ಅಪ್ಪನ ಕಣ್ಣುಗಳು ತುಂಬಿಕೊಂಡವು. ಎದ್ದು ಹೋಗಿ ಕೈ ತೊಳೆದುಕೊಂಡ. ಆ ಉತ್ತರದಿಂದ ಅವನಿಗೆ ಮಗಳ ಬಗ್ಗೆ ಹೆಮ್ಮೆಯಾಯಿತೆಂದು ನನಗೆ ಗೊತ್ತಾಯಿತು, ಸಾಯುವವರೆಗೂ ಆ ಹೆಮ್ಮೆ ಇಟ್ಟುಕೊಂಡಿದ್ದ. ಆದರೆ ಆ ಉತ್ತರ ನಿಜವಲ್ಲ. ಎರಡನೆಯ ಸಾಲಿನ ಹೊತ್ತಿಗೆ ನನ್ನಲ್ಲಿ ಸಿಟ್ಟಿರಲಿಲ್ಲ, ಚಂದ್ರಾಬಾಯಿಯ ಬಗ್ಗೆ ಕನಿಕರವೂ ಇರಲಿಲ್ಲ. ನಾನು ಮೆಲ್ಲಗೆ ಉಸುರಿದ್ದು ಅವಳ ಗಂಟಲಲ್ಲಿ ಗುಡುಗಿ, ಗೌಡನ ಮುಖ ಬಿಳಿಚಿಕೊಂಡಿತ್ತು. ಅದು ಇನ್ನೊಮ್ಮೆ ಆಗಬೇಕು ಅನಿಸಿತ್ತು, ಅಷ್ಟೆ. ಬೀಳುವ ಏಟು ನನ್ನ ಮೈಮೇಲೆ ಬೀಳುವುದಿಲ್ಲವೆಂಬುದೂ ಗೊತ್ತಿತ್ತು. ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆ ಹೆಂಗಸಿನ ಮೈಯನ್ನು ಬಳಸಿಕೊಂಡವನು ಗೌಡ ಒಬ್ಬನೇ ಅಲ್ಲ.

ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಬ್ಬರಿಗೇ. ಅವ್ವ ಕೊನೆಗಾಲದಲ್ಲಿ ಇಂಡಿ ಪಟ್ಟಣದ ನನ್ನ ಮನೆಯಲ್ಲಿದ್ದಳು. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ಸುಲಿಯುವ ಕೈ ನಿಲ್ಲಿಸಲಿಲ್ಲ.

“ನನಗ ಅವತ್ತ ಗೊತ್ತಾಗಿತ್ತು,” ಅಂದಳು. “ಬಾಗಲದಾಗ ನಿಂತು ಮೊದಲ ನೋಡಿದ್ದು ನಿನ್ನ ಮಾರೀನ. ನಗಾಕತ್ತಿದ್ದಿ. ಇಬ್ಬರನ್ನೂ ನಿಲ್ಲಸಬೇಕಾಗಿತ್ತು ನನಗ. ನಿನ್ನ ಮ್ಯಾಲೆ ಕೊಳ್ಳಿ ಎತ್ತಾಕ ಕೈ ಬರಲಿಲ್ಲ, ಅವನ ಮ್ಯಾಲೆ ಎತ್ತಿದೆ.”